ಕುಶನ ಪುರಪ್ರವೇಶವೂ ಗ್ರೀಷ್ಮವರ್ಣನೆಯೂ

ಮಹಾಕಾವ್ಯದಲ್ಲಿ ನಗರ, ಋತು, ಜಲಕ್ರೀಡೆ ಮೊದಲಾದ ವರ್ಣನೆಗಳಿರತಕ್ಕದ್ದೆಂದು ದಂಡಿಯು ಕಾವ್ಯಾದರ್ಶದಲ್ಲಿ ವಿಧಿಸಿದನು. ಕನ್ನಡದ ಚಂಪೂಕವಿಗಳು ಅವನ್ನೇ ಅಷ್ಟಾದಶವರ್ಣನೆಗಳೆಂದು ಶಿರಸಾವಹಿಸಿದರು. ಇದರಿಂದ ಒಂದು ಅನರ್ಥವೂ ಸಂಭವಿಸಿತು. ಋತುವರ್ಣನೆ ಬಂದೊಡನೆಯೇ ‘ಇದು ಲಕ್ಷಣಕ್ಕಾಗಿ ಬಂದುದು’ ಎಂದು ಹಾಳೆಗಳನ್ನು ಮಗುಚುವ ಅಭ್ಯಾಸವು ವಾಚಕರಲ್ಲಿ ಬೇರೂರಿತು. ದಂಡಿಗಿಂತ ಪೂರ್ವಿಕನಾದ ಕಾಳಿದಾಸನು ರಘುವಂಶದ ೧೬ನೆಯ ಸರ್ಗದಲ್ಲಿ ಮಾಡಿರುವ ಗ್ರೀಷ್ಮವರ್ಣನೆಯನ್ನು ಹೀಗೆ ದಾಟಿಹೋಗುವವರು ಆ ಸರ್ಗದ ಹೃದಯವನ್ನೇ ಬಿಟ್ಟಂತಾಗುವುದು.

ಶ್ರೀರಾಮನು ಸ್ವರ್ಗವನ್ನೈದಿದ ಬಳಿಕ ಅಯೋಧ್ಯೆಯು ಬರಿದಾಯಿತು. ಕುಶನು ಕುಶಾವತಿಯಲ್ಲಿ ರಾಜ್ಯವಾಳುತ್ತಿರಲು, ಒಂದು ನಡುರಾತ್ರಿ, ಪತಿಯು ದೇಶಾಂತರಹೋದ ಹೆಣ್ಣಿನ ವೇಷದಿಂದ ಪುರದ ಅಧಿದೇವತೆಯು ಅವನ ಶಯನಾಗಾರದಲ್ಲಿ ಕಾಣಿಸಿಕೊಂಡು ತನ್ನ ದುರವಸ್ಥೆಯನ್ನು ನಿವೇದಿಸುತ್ತಾಳೆ. ಸ್ತ್ರೀಯರ ಕರತಾಡನದಿಂದ ಮೃದಂಗದಂತೆ ನುಡಿಯುತ್ತಿದ್ದ ಕೊಳದ ನೀರು ಈಗ ಕಾಡೆಮ್ಮೆಗಳ ಕೊಂಬಿನ ಪೆಟ್ಟಿಗೆ ಆಕ್ರಂದಿಸುತ್ತಿದೆ. ಅಲತಿಗೆಯ ಪಾದಗಳು ಸುಳಿದಾಡುತ್ತಿದ್ದ ಸೋಪಾನಗಳಲ್ಲಿ ಹುಲಿಗಳು ರಕ್ತಸಿಕ್ತವಾದ ಹೆಜ್ಜೆಗಳನ್ನಿಡುತ್ತಿವೆ. ಸಾಕಿದ ನವಿಲುಗಳು ಕಾಡುನವಿಲುಗಳಾಗಿವೆ. ಸರಯುವಿನ ನೀರಿಗೆ ಸ್ನಾನದ ಚೂರ್ಣಗಳ ಸೋಂಕಿಲ್ಲ.

ಕುಶನು ಕುಶಾವತಿಯನ್ನು ಶ್ರೋತ್ರಿಯರಿಗೆ ಒಪ್ಪಿಸಿ, ವಿಂಧ್ಯವನ್ನೂ ಗಂಗೆಯನ್ನೂ ದಾಟಿ ಬಂದನು. ಶಿಲ್ಪಿಗಳು ಪುರವನ್ನು ನವೀಕರಿಸಿದರು. ಬೇಸಗೆಯಲ್ಲಿ ಬಳಲಿದ ಭೂಮಿಯನ್ನು ಮೇಘಗಳು ಮಳೆಗರೆದು ಹೊಸದಾಗಿಸಿದಂತೆ ಎಂದು ಕವಿಯ ಉಪಮೆ. ಬಳಿಕ ಉಪವಾಸವಿದ್ದ ವಾಸ್ತುವಿಧಾನಜ್ಞರಿಂದ ಪೂಜೆಯಾಯಿತು. ಅನುಚರರಿಗೆ ತಕ್ಕ ಮನೆಗಳು ದೊರೆತವು. ಲಾಯದಲ್ಲಿ ಕುದುರೆ, ಕಂಬಗಳಲ್ಲಿ ಆನೆ, ಅಂಗಡಿಗಳಲ್ಲಿ ಸರಕು. ಇಷ್ಟಾದ ಮೇಲೆಯೇ ನಿಜವಾದ ಗ್ರೀಷ್ಮವು ಬರುವುದು. ಪಾಳು ನಗರದ ಪ್ರಸಂಗದಲ್ಲಿ ಉಪಮಾನವಾಗಿ ಬಂದಾಗ ಬೆಂದು ಬಳಲಿಸಿದ ಬೇಸಗೆಯೇ, ಜನವು ನೆಲಸಿದ ಬಳಿಕ ಭೋಗಸಾಧನವಾಗುತ್ತದೆ.

ಇಲ್ಲಿಯೇ ಕವಿಯ ಯೋಜನೆಯು ಸ್ಪಷ್ಟವಾಗುವುದು. ಮನೆಮನೆಯ ಕೊಳಗಳಲ್ಲಿ ನೀರು ದಿನದಿನಕ್ಕೂ ಒಂದೊಂದು ಪಾಚಿಗಟ್ಟಿದ ಮೆಟ್ಟಿಲನ್ನು ಬಿಟ್ಟು ಕೆಳಗಿಳಿಯುತ್ತದೆ. ಹೀಗೆ ಮೆಟ್ಟಿಲುಗಳನ್ನು ಎಣಿಸಬಲ್ಲವನು ಆ ಮನೆಯಲ್ಲಿ ವಾಸಿಸುವವನೇ ಹೊರತು ದಾರಿಹೋಕನಲ್ಲ. ಸಂಜೆಗೆ ಮಲ್ಲಿಗೆಯರಳುವುದು, ಜಾರಿದ ಶಿರೀಷವು ಕೆನ್ನೆಗಂಟಿ ನಿಲ್ಲುವುದು. ಅನಂತರ ಸರಯುವಿನ ಜಲಕ್ರೀಡೆ. ಕೊಳದ ಆಕ್ರಂದನಕ್ಕೆ ಪ್ರತಿಯಾಗಿ ಸ್ತ್ರೀಯರ ಕೈಗಳಲ್ಲಿ ನೀರು ಮರಳಿ ಮೃದಂಗವಾಗಿ ನುಡಿಯುತ್ತದೆ. ದಡದ ನವಿಲುಗಳು ಗರಿಯೆತ್ತಿ ಕೇಕೆಯಿಂದ ಅದನ್ನು ಅಭಿನಂದಿಸುತ್ತವೆ. ಅಂಗರಾಗವು ಕರಗಿ ಪ್ರವಾಹವು ಮೋಡಗೂಡಿದ ಸಂಜೆಯಂತೆ ಬಣ್ಣವಡೆಯುತ್ತದೆ. ಪುರದೇವತೆಯ ಒಂದೊಂದು ಮೊರೆಗೂ ಇಲ್ಲಿ ಉತ್ತರವುಂಟು. ಸೂರ್ಯನು ದಕ್ಷಿಣದಿಂದ ಮರಳಲು ಉತ್ತರದಿಕ್ಕು ಹಿಮಜಲವನ್ನು ಆನಂದಾಶ್ರುವಿನಂತೆ ಸುರಿಸಿತೆಂಬ ಕಲ್ಪನೆಯಾದರೂ, ದಕ್ಷಿಣದಿಂದ ಬಂದ ಕುಶನನ್ನೂ ವಿರಹಿಣಿಯಾದ ಅಯೋಧ್ಯೆಯನ್ನೂ ಸಹೃದಯರ ನೆನಪಿಗೆ ತಾರದಿರದು.

ಜಲಕ್ರೀಡೆಯ ಶೃಂಗಾರವು ಅತಿಯಾಯಿತೆಂಬ ಆಕ್ಷೇಪಕ್ಕೆ ಅವಕಾಶವಿಲ್ಲದಿಲ್ಲ. ಇದೇ ಭೋಗವು ೧೯ನೆಯ ಸರ್ಗದ ಅಗ್ನಿವರ್ಣನಲ್ಲಿ ವಂಶವನ್ನೇ ಕ್ಷಯಕ್ಕೆ ತಂದಿತು. ಆದರೆ ಕುಶನ ಸುಖವು ಮರೆವಿನ ಸುಖವಲ್ಲ. ಅವನು ಗರ್ಭದಲ್ಲಿದ್ದಾಗಲೇ ಅವನ ತಾಯಿಯು ಈ ನಗರದಿಂದ ಪರಿತ್ಯಕ್ತಳಾದಳು; ಅವನು ಹುಟ್ಟಿದುದು ಋಷ್ಯಾಶ್ರಮದಲ್ಲಿ. ಕವಿಯು ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಆದರೆ ಕುಶನು ಅಯೋಧ್ಯೆಯಲ್ಲಿ ನೆಲಸಿ, ಇಂದ್ರಕುಬೇರರ ಪದವಿಗೂ ಆಸೆಪಡದಷ್ಟು ತೃಪ್ತನಾದನೆನ್ನುವ ಪದ್ಯದಲ್ಲಿ, ರಾಘವನೆನ್ನದೆ ‘ಮೈಥಿಲೇಯ’ನೆನ್ನುತ್ತಾನೆ. ತಾಯಿಯನ್ನು ಹೊರಗಟ್ಟಿದ ಮನೆಯಲ್ಲಿ ತಾಯಿಯ ಹೆಸರಿನಿಂದಲೇ ಮಗನು ನೆಲಸಿದನು. ತಂದೆಯಿಂದ ಬಂದ ಜೈತ್ರಾಭರಣವು ನೀರಿನಲ್ಲಿ ಜಾರಿದಾಗಲೂ ಅವನು ಕಳವಳಗೊಂಡುದು ಲೋಭದಿಂದಲ್ಲ, ತಂದೆಯು ಧರಿಸಿದ್ದುದೆಂಬುದೂ ಅದಕ್ಕೆ ಕಾರಣವಾಗಿತ್ತು. ಅದನ್ನು ಅರಸಿದ ದೆಸೆಯಿಂದಲೇ ನಾಗಕನ್ಯೆಯಾದ ಕುಮುದ್ವತಿಯು ಆ ಮನೆಗೆ ಗೃಹಿಣಿಯಾಗಿ ಬಂದಳು.

ಆದುದರಿಂದ ಈ ಗ್ರೀಷ್ಮವರ್ಣನೆಯನ್ನು ತೆಗೆದರೆ ಅಯೋಧ್ಯೆಯಲ್ಲಿ ಶಿಲ್ಪಿಗಳು ಕಟ್ಟಿದ ಗೋಡೆಗಳು ಮಾತ್ರ ಉಳಿದಾವು. ವಾಚಕರು ಈ ಬೇಸಗೆಯಲ್ಲಿ ಆ ಸರ್ಗವನ್ನು ಇಡಿಯಾಗಿ ಓದಬೇಕು.