ಐವತ್ತೆರಡು ಮೀಟರ್ ದೂರದ ಮುಖ

ಮಾದರಿ ರೈಲುಗಳ ವಿಮರ್ಶೆಯಲ್ಲಿ ಎಂಜಿನ್ನಿನ ಒಂದು ರಿವೆಟ್ ಜಾಗ ತಪ್ಪಿದರೂ ಪುಟಗಟ್ಟಲೆ ಆಕ್ಷೇಪ ಬರೆಯುವವರು, ಅದೇ ರೈಲಿಗಾಗಿ ಪ್ಲಾಟ್‌ಫಾರಂ ಮೇಲೆ ಕಾದು ನಿಂತ ಎರಡು ಸೆಂಟಿಮೀಟರ್ ಎತ್ತರದ ಮನುಷ್ಯನ ವಿಷಯಕ್ಕೆ ಬಂದಾಗ ಎರಡೇ ಗುಣಗಳನ್ನು ಹೊಗಳಿ ಮುಂದೆ ಸಾಗುತ್ತಾರೆ: ಬೊಂಬೆಗಳ ಸಂಖ್ಯೆ ದೊಡ್ಡದಾಗಿರಬೇಕು, ಅವುಗಳ ಕಣ್ಣು, ಹುಬ್ಬು, ತುಟಿ, ಅಂಗಿಯ ಗುಂಡಿಗಳು ಬಿಡಿಬಿಡಿಯಾಗಿ ಕಾಣುವಂತೆ ಬಣ್ಣ ಹಚ್ಚಿರಬೇಕು. ಇವುಗಳಲ್ಲಿ ಮೊದಲನೆಯದಕ್ಕೂ ಕಲೆಗೂ ಸಂಬಂಧವಿಲ್ಲ. ಎರಡನೆಯದು ಕೌಶಲವೆಂದು ಮೆರೆಯುತ್ತಿರುವ ದೋಷ.

ಸಂಖ್ಯೆಯ ಕೀರ್ತಿಗೆ ದೊಡ್ಡ ನಿದರ್ಶನವೆಂದರೆ ಜರ್ಮನಿಯ ಹ್ಯಾಂಬರ್ಗ್ ನಗರದ ಹಳೆಯ ಉಗ್ರಾಣಗಳ ಬಡಾವಣೆಯಲ್ಲಿ ಫ್ರೆಡೆರಿಕ್ ಮತ್ತು ಗೆರಿಟ್ ಬ್ರೌನ್ ಎಂಬ ಅವಳಿ ಸಹೋದರರು 2001ರಲ್ಲಿ ತೆರೆದ ಮಿನಿಯಾಟುರ್ ವುಂಡರ್‌ಲಾಂಡ್. ಸುಮಾರು 15 ನಿಮಿಷಕ್ಕೊಮ್ಮೆ ಹಗಲು ಇಳಿದು ರಾತ್ರಿ ಕವಿಯುವ ಅಲ್ಲಿನ ಬೆಳಕಿನ ವ್ಯವಸ್ಥೆ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಎರಡೂವರೆ ಲಕ್ಷಕ್ಕೂ ಮಿಕ್ಕಿದ ಅಲ್ಲಿನ ಬೊಂಬೆಗಳ ಪೈಕಿ ಜನರ ಬಾಯಲ್ಲಿ ಉಳಿಯುವುದು ಹೊಲದ ಮರೆಯಲ್ಲಿ ಅಡಗಿದ ಪ್ರೇಮಿಗಳಂಥ ಚೇಷ್ಟೆಯ ದೃಶ್ಯಗಳು ಮಾತ್ರ; ಉಳಿದ ಲಕ್ಷಾಂತರ ಬೊಂಬೆಗಳು ಎಣಿಕೆಗೆ ಸಿಗುತ್ತವೆ, ಗಮನಕ್ಕೆ ಸಿಗುವುದಿಲ್ಲ.

ಹೆಚ್ಚು ಪರಿಶೀಲನೆಗೆ ಅರ್ಹವಾದದ್ದು ಎರಡನೆಯ ಗುಣ. ಎಚ್‌ಓ ಎಂದು ಕರೆಯುವ, ಅಂದರೆ ವಾಸ್ತವದ ಗಾತ್ರವನ್ನು 87ರಲ್ಲಿ ಒಂದು ಪಾಲಿಗೆ ಇಳಿಸುವ ಪ್ರಮಾಣದಲ್ಲಿ, 1.75 ಮೀಟರ್ ಎತ್ತರದ ವ್ಯಕ್ತಿ 20 ಮಿಲಿಮೀಟರ್‌ನ ಬೊಂಬೆಯಾಗುತ್ತಾನೆ. ಆ ಬೊಂಬೆಯನ್ನು 60 ಸೆಂಟಿಮೀಟರ್ ದೂರದಿಂದ ನೋಡುವುದೂ, ಜೀವಂತ ಮನುಷ್ಯನನ್ನು ಸುಮಾರು 52 ಮೀಟರ್ ದೂರದಿಂದ ನೋಡುವುದೂ ಒಂದೇ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಸಣ್ಣ ಕೋನದಲ್ಲಿರುವ ವಿವರಗಳನ್ನು ಬಿಡಿಸಿ ಕಾಣಲಾರದು; 52 ಮೀಟರ್ ದೂರದಲ್ಲಿ ಆ ಕೋನದ ಅಗಲ 15 ಮಿಲಿಮೀಟರ್. ಮನುಷ್ಯನ ಕಣ್ಣಿನ ಕರಿಗುಡ್ಡೆಯಾದರೋ ಸುಮಾರು 12 ಮಿಲಿಮೀಟರ್ ಅಗಲದ್ದು. ಆದ್ದರಿಂದ ಆ ದೂರದಲ್ಲಿ ಕಣ್ಣಿನ ಬಿಳಿ ಬೇರೆ, ಕಪ್ಪು ಬೇರೆ ಎಂದು ಕಾಣುವುದೇ ಇಲ್ಲ. ಕಾಣುವುದು ಹುಬ್ಬಿನ ಕೆಳಗಿನ ಒಂದು ಮಬ್ಬು ನೆರಳು. ಪ್ರಮಾಣಕ್ಕೆ ಇಳಿಸಿದರೆ ಕರಿಗುಡ್ಡೆಯ ಅಗಲ 0.14 ಮಿಲಿಮೀಟರ್ ಆಗುತ್ತದೆ, ಸೂಜಿಯ ಮೊನೆಯಿಂದ ಇಟ್ಟ ಬಣ್ಣದ ಚುಕ್ಕೆಯೂ ಬಹುತೇಕ ಅದಕ್ಕಿಂತ ದಪ್ಪ. ಹೀಗಾಗಿ ಕಣ್ಣು ಬರೆಸಿಕೊಂಡ ಪ್ರಯಾಣಿಕರೆಲ್ಲ ಹಳಿಯ ಮೇಲೆ ಭೂತ ಕಂಡವರಂತೆ ಬೆಚ್ಚಿ ನಿಂತಿರುತ್ತಾರೆ. ಇಂಥ ಬೊಂಬೆಗಳಿಗೆ ಪ್ರಶಂಸೆ ಸಿಗುವುದು ಅವುಗಳನ್ನು ಹತ್ತಾರು ಪಟ್ಟು ಹಿಗ್ಗಿಸಿದ ಛಾಯಾಚಿತ್ರಗಳಲ್ಲಿ ನೋಡಿ ತೀರ್ಪು ಕೊಡುವ ಅಭ್ಯಾಸದಿಂದ.

ಕಣ್ಣು ಬರೆಯುವುದರ ಬದಲಿಗೆ ಬಳಕೆಯಲ್ಲಿರುವ ತಂತ್ರ ವಾಷ್, ಎಂದರೆ ಗಾಢ ಬಣ್ಣವನ್ನು ನೀರಿನಂತೆ ತೆಳುಮಾಡಿ ಬೊಂಬೆಯ ಮೇಲೆ ಹರಿಸುವುದು. ಅದು ಉಬ್ಬುಗಳಿಂದ ಜಾರಿ ತಗ್ಗುಗಳಲ್ಲಿ ನಿಂತು ಒಣಗುತ್ತದೆ, ಹುಬ್ಬಿನಡಿ, ಗಲ್ಲದಡಿ, ಕೋಟಿನ ಮಡಿಕೆಗಳಲ್ಲಿ ನೆರಳು ತಾನಾಗಿ ಮೂಡುತ್ತದೆ. ಮುಖದ ಮಟ್ಟಿಗೆ ಇಷ್ಟೇ ಸಾಕು. ಆದರೆ ಈ ತಂತ್ರದ ದೌರ್ಬಲ್ಯವನ್ನು ಗುರುತಿಸಿದವರು ವಿರಳ. ವಾಷ್ ಅನುಸರಿಸುವುದು ಬೆಳಕನ್ನಲ್ಲ, ತಗ್ಗನ್ನು. ಬಿಸಿಲು ಬೀಳಬೇಕಾದ ಬದಿಯ ತಗ್ಗಿನಲ್ಲೂ, ಚಾವಣಿಯ ನೆರಳಿನ ಬದಿಯ ತಗ್ಗಿನಲ್ಲೂ ಅದು ಒಂದೇ ಸಮನಾಗಿ ನಿಲ್ಲುತ್ತದೆ. ಬೊಂಬೆಯನ್ನು ನೆಟ್ಟಗೆ ನಿಲ್ಲಿಸಿ ಒಣಗಿಸಿದರೆ ಹೆಚ್ಚಿನ ಬಣ್ಣ ಇಳಿದು ಕಾಲಬುಡದಲ್ಲಿ ಮಡುಗಟ್ಟುತ್ತದೆ. ಕಪ್ಪು ವಾಷ್ ಬಳಸಿದಲ್ಲಿ ಬೆಲ್ಟು, ಕಾಲರು, ತೋಳಿನ ಅಂಚುಗಳಿಗೆಲ್ಲ ಗೆರೆ ಎಳೆದಂತಾಗಿ ಮನುಷ್ಯ ವ್ಯಂಗ್ಯಚಿತ್ರವಾಗುತ್ತಾನೆ. ಕೆಂಪು ಬಟ್ಟೆಯ ನೆರಳು ಕಪ್ಪಲ್ಲ, ಕಡುಗೆಂಪು. ನೀಲಿಯದು ಇನ್ನೂ ಗಾಢವಾದ ನೀಲಿ. ಆದ್ದರಿಂದ ಒಂದೇ ಶೀಸೆಯ ವಾಷನ್ನು ಇಡೀ ಬೊಂಬೆಗೆ ಹರಿಸುವ ಬದಲು ಮೈಗೆ ಕಂದು, ಬಟ್ಟೆಗೆ ಅದರದೇ ಕಡುಛಾಯೆ ಎಂದು ಬೇರೆಬೇರೆಯಾಗಿ ಹಚ್ಚಿ, ಮಡುಗಟ್ಟಿದ್ದನ್ನು ಒಣ ಕುಂಚದಿಂದ ಹೀರಿ ತೆಗೆದು, ಕೊನೆಗೆ ಹೊಳಪಿಲ್ಲದ ವಾರ್ನಿಷ್ ಕೊಡುವುದು ಸರಿಯಾದ ಕ್ರಮ. ಆ ವಾರ್ನಿಷ್ ಇಲ್ಲದಿದ್ದರೆ ಭುಜದ ಮೇಲಿನ ಒಂದು ಮಿಲಿಮೀಟರ್ ಹೊಳಪು ನಿಜದಲ್ಲಿ ಅಂಗೈಯಗಲದ ಕನ್ನಡಿಯಂತೆ ಮಿಂಚೀತು.

ದೂರದ ಗಾಳಿಯ ಪದರದಿಂದ ಬಣ್ಣಗಳು ಮಾಸುವುದರಿಂದ ಬೊಂಬೆಗೂ ಮಾಸಲು ಬಣ್ಣವೇ ಬೇಕು ಎಂಬ ಪ್ರಚಲಿತ ವಿವರಣೆ ಕೂಡ ಅರ್ಧ ಸತ್ಯ. 52 ಮೀಟರ್ ಗಾಳಿ ಸ್ವಚ್ಛ ದಿನದಲ್ಲಿ ಏನನ್ನೂ ಮಾಸಿಸದು. ನಿಜವಾದ ಬಟ್ಟೆಯ ನೇಯ್ಗೆಯಲ್ಲಿ, ಸುಕ್ಕಿನಲ್ಲಿ ಅಡಗಿದ ಸಾವಿರಾರು ಸೂಕ್ಷ್ಮ ನೆರಳುಗಳನ್ನು ಕಣ್ಣು ದೂರದಿಂದ ಒಟ್ಟುಗೂಡಿಸಿಕೊಳ್ಳುತ್ತದೆ. ನುಣುಪಾದ ಪ್ಲಾಸ್ಟಿಕ್‌ಗೆ ಆ ನೆರಳುಗಳಿಲ್ಲದಿರುವುದರಿಂದ ಅವುಗಳ ಕಪ್ಪನ್ನು ಬಣ್ಣದಲ್ಲಿಯೇ ಬೆರೆಸಬೇಕಾಗುತ್ತದೆ. ಸೂತ್ರ ಸರಿ, ಕಾರಣ ತಪ್ಪು.

ಯುದ್ಧದಾಟಗಳ ಬೊಂಬೆಗಳಿಗೆ ಬಣ್ಣ ಹಚ್ಚುವವರಿಂದ ಎರವಲು ತಂದ ಉತ್ಪ್ರೇಕ್ಷೆಯ ಶೈಲಿಯನ್ನು ರೈಲುದೃಶ್ಯಕ್ಕೆ ಶಿಫಾರಸು ಮಾಡುವ ವಿಮರ್ಶಕರು ಈ ಎರಡು ಪ್ರಕಾರಗಳ ಉದ್ದೇಶವನ್ನೇ ಬೆರಸಿದ್ದಾರೆ. ಯುದ್ಧದಾಟದ ವೀರ ಯಕ್ಷಗಾನದ ಬಣ್ಣದ ವೇಷದಂತೆ: ರಾತ್ರಿಯ ಬೆಳಕಿನಲ್ಲಿ, ದೂರದ ಸಾಲಿನವನಿಗೂ ರಾಕ್ಷಸನೆಂದು ತಿಳಿಯಲೆಂದು ಮುಖದ ತುಂಬ ದಪ್ಪಗೆರೆಗಳಿರಬೇಕು, ಅವನೊಬ್ಬನ ಮೇಲೆಯೇ ಎಲ್ಲರ ಕಣ್ಣು ನೆಡಬೇಕು. ರೈಲುದೃಶ್ಯದ ಮನುಷ್ಯ ವೇಷಧಾರಿಯಲ್ಲ, ಚಾಪೆ ಹಾಸಿ ಕುಳಿತ ಪ್ರೇಕ್ಷಕ. ಅವನ ಮುಖಕ್ಕೆ ಬಣ್ಣ ಮೆತ್ತಿದರೆ ಆಟವೇ ಕೆಡುತ್ತದೆ.

ಇನ್ನು ಭಂಗಿವಾದಿಗಳೆನ್ನಬಹುದಾದ ಮತ್ತೊಂದು ಪಂಥವಿದೆ. ರೈಲು ಚಲಿಸುತ್ತಿರುವಾಗ ಒಂದು ಕಾಲೆತ್ತಿ ಓಡುತ್ತಿರುವ ಬೊಂಬೆ ಗಾಳಿಯಲ್ಲಿ ಹೆಪ್ಪುಗಟ್ಟಿದಂತೆ ಕಾಣುವುದರಿಂದ ಓಟ, ನೆಗೆತ, ಕೈಬೀಸುವಿಕೆಗಳನ್ನು ಬಹಿಷ್ಕರಿಸಬೇಕೆಂಬುದು ಅವರ ವಾದ. ವಾದ ಒಪ್ಪತಕ್ಕದ್ದೇ, ಆದರೆ ಅವರು ಅಲ್ಲಿಗೇ ನಿಲ್ಲುತ್ತಾರೆ, ನಿಂತ ಬೊಂಬೆಗಳೆಲ್ಲ ಸಮಾನವೆಂದು ಭಾವಿಸುತ್ತಾರೆ. ಎರಡು ಕಾಲಿನ ಮೇಲೂ ಸಮಭಾರ ಹಾಕಿ ಕಂಬದಂತೆ ನಿಂತದ್ದು ಸಿಪಾಯಿಯ ಬೊಂಬೆ. ಕಾಯುವವನು ಒಂದು ಕಾಲಿಗೆ ಭಾರ ಬಿಟ್ಟಿರುತ್ತಾನೆ, ಚೀಲ ಹಿಡಿದ ಕಡೆಯ ಭುಜ ಇಳಿದಿರುತ್ತದೆ, ತಲೆ ರೈಲು ಬರುವ ದಿಕ್ಕಿಗೆ ತುಸು ತಿರುಗಿರುತ್ತದೆ. ರೈಲುನಿಲ್ದಾಣದ ಮೂಲ ಮಾನವಕ್ರಿಯೆ ಕಾಯುವುದೇ ಆಗಿರುವುದರಿಂದ ಈ ಮೂರು ಓರೆಗಳನ್ನು ಗುರುತಿಸದ ಭಂಗಿಚರ್ಚೆಗೆ ಬೆಲೆಯಿಲ್ಲ.

ಅಚ್ಚುಗಳಲ್ಲಿ ಈ ಓರೆಗಳನ್ನು ಹಿಡಿದ ಹಿರಿಮೆ, 1949ರಲ್ಲಿ ಆರಂಭವಾದ ಜರ್ಮನಿಯ ಪ್ರೈಸರ್ ಸಂಸ್ಥೆಯದು. ಅದರ ಕೀರ್ತಿ ಬಣ್ಣ ಹಚ್ಚಿದ ಸಣ್ಣ ಪೆಟ್ಟಿಗೆಗಳಿಗೆ ಅಂಟಿಕೊಂಡಿದ್ದರೂ, ನಿಜವಾದ ಗೌರವ ಸಲ್ಲಬೇಕಾದದ್ದು ಬಿಡಿಯಾಗಿ ಲೆಕ್ಕ ಹಾಕಿದರೆ ಬಹಳ ಅಗ್ಗವಾಗುವ ಬಣ್ಣವಿಲ್ಲದ ಬೊಂಬೆಗಳ ದೊಡ್ಡ ಕಟ್ಟುಗಳಿಗೆ. ನೂರರ ಲೆಕ್ಕದಲ್ಲಿ ಸಿಗುವ ಹೆಸರಿಲ್ಲದ ಚೀನೀ ಬೊಂಬೆಗಳು ಇನ್ನೂ ಅಗ್ಗ, ಆದರೆ ಅವುಗಳಲ್ಲಿ ಅವೇ ಕೆಲವು ಭಂಗಿಗಳು ಮರುಕಳಿಸುತ್ತವೆ. ಭಾರತದ ಪ್ಲಾಟ್‌ಫಾರಂ ಒಂದನ್ನು ಕಟ್ಟುವವರು ಜರ್ಮನ್ ಪ್ರಯಾಣಿಕನ ಪ್ಯಾಂಟಿನ ಮೇಲೆ ತೆಳು ಕಾಗದ ಸುತ್ತಿ ಪಂಚೆ ಮಾಡಿ, ಅಂಗಿಗೆ ಮಾಸಲು ಕೆಂಪು ಕೊಟ್ಟರೆ ಪೋರ್ಟರ್ ಸಿದ್ಧ. ತೋಳಿನ ಹಿತ್ತಾಳೆ ಬಿಲ್ಲೆಗೆ ಒಂದೇ ಹಳದಿ ಚುಕ್ಕೆ ಸಾಕು. ಅದರ ಮೇಲಿನ ಸಂಖ್ಯೆಯನ್ನು ಬರೆಯತಕ್ಕದ್ದಲ್ಲ.