‘ಒಲ್ಲೆ’ ಅನ್ನುವವರು ಯಾರು?

ಚಿಕ್ಕೋಡಿಯಲ್ಲಿ ಡಿಗ್ರಿ ಓದುವಾಗ ಶೇಕ್ಸ್‌ಪಿಯರ್‌ನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕ ಕೈಗೆ ಬಂತು. ಕ್ಯಾಥರೀನಾಳ ಮನಸ್ಸನ್ನು ಲೆಕ್ಕಿಸದೆ ಅವಳನ್ನು ಮದುವೆಯಾಗಿಯೇ ತೀರುತ್ತೇನೆಂದು ಪೆಟ್ರೂಕಿಯೊ ಹೇಳುವಲ್ಲಿ ‘ವಿಲ್’ ಪಕ್ಕದಲ್ಲೇ ‘ನಿಲ್’ ಎಂಬ ಕ್ರಿಯಾಪದವಿದೆ. ಅದನ್ನು ನಾನು ಸೊನ್ನೆ ಎಂದುಕೊಂಡು ಪುಟ ತಿರುವಿದ್ದೆ.

ಅದು ಸೊನ್ನೆಯಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ನೆ’ ನಿಷೇಧಸೂಚಕ, ‘ವಿಲ್ಲನ್’ ಎಂದರೆ ಬಯಸು. ಎರಡೂ ಬೆಸೆದು ‘ನಿಲ್’ ಹುಟ್ಟಿತು. ಈಗ ಅದರ ನೆನಪು ‘ವಿಲ್ಲಿ-ನಿಲ್ಲಿ’ ಎಂಬ ಜೋಡುನುಡಿಯಲ್ಲಿ ಉಳಿದಿದೆ.

ಈ ವಿವರಣೆ ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ‘ಒಲ್ಲೆ’. ಒಲವು, ಒಲಿ ಇವುಗಳ ಬೇರೇ ಇದರದ್ದೂ. ಹಳಗನ್ನಡದಲ್ಲಿ ಧಾತುವಿಗೆ ಕಾಲಸೂಚಕವಿಲ್ಲದೆ ನೇರವಾಗಿ ಪುರುಷ ಪ್ರತ್ಯಯ ಹತ್ತಿದರೆ ನಿಷೇಧವಾಗುತ್ತಿತ್ತು: ಅರಿಯೆಂ, ಕಾಣೆಂ, ಒಲ್ಲೆಂ. 13ನೇ ಶತಮಾನದ ಕೇಶಿರಾಜನ ಕಾಲಕ್ಕೆ ಇವು ಕಾವ್ಯದ ಭಾಷೆ. ಅಥಣಿ, ಕಾಗವಾಡದ ಕಡೆ ಇಂದಿಗೂ ‘ಒಲ್ಲೆ’ ದಿನದ ಮಾತು. ಮುಗಿಲು ನೋಡುವ ರೈತ ‘ಮಳಿ ಬರವಲ್ದು’ ಎನ್ನುವಾಗಲೂ ಇದೇ ‘ಒಲ್ಲದು’ ಕೇಳಿಸುತ್ತದೆ. ಮಳೆಗೂ ಒಂದು ಮನಸ್ಸಿದ್ದಂತೆ.

ಎರಡೂ ಮಾತುಗಳಲ್ಲಿ ಬಯಕೆಯೇ ನಿರಾಕರಣೆಯಾಗಿದೆ. ಆದರೆ ಒಂದು ವ್ಯತ್ಯಾಸವುಂಟು. ನಿಪ್ಪಾಣಿಯ ಸಂತೆಯಲ್ಲಿ ಕೇಳುವ ಮರಾಠಿಯ ‘ಮಲಾ ನಕೋ’, ಕನ್ನಡದ ‘ನನಗ ಬ್ಯಾಡ’ ಎರಡಕ್ಕೂ ‘ನಾನು’ ಹೊರಗಿನಿಂದ ಬರಬೇಕು. ‘ಒಲ್ಲೆ’ಯಲ್ಲಿ ಅದು ಒಳಗೇ ಇದೆ. ಬೇರೆಯವರು ಹೇಳಿದರೆ ‘ಒಲ್ಲಳು’ ಆಗುತ್ತದೆ. ‘ಒಲ್ಲೆ’ಯನ್ನು ಅವಳೇ ಹೇಳಬೇಕು.

ಹಾಗಾಗಿ ಈ ನಾಟಕದ ಚರ್ಚೆಯಲ್ಲಿ ಪೆಟ್ರೂಕಿಯೊನ ಮಾತಿನ ಚಮತ್ಕಾರವನ್ನಷ್ಟೇ ಹೊಗಳಿದರೆ ಸಾಲದು. ಅವಳ ‘ನಿಲ್’ ಅನ್ನು ಆಡುವವನು ಅವನು. ಅವಳು ಎಲ್ಲರೆದುರು ನಿರಾಕರಿಸಿದರೂ, ಒಳಗೊಳಗೆ ಒಪ್ಪಿದ್ದಾಳೆ, ಜನರ ಮುಂದೆ ಹೀಗಾಡುವುದು ನಮ್ಮಿಬ್ಬರ ಕರಾರು ಎಂದು ತಂದೆಯನ್ನು ನಂಬಿಸುತ್ತಾನೆ. ಕನ್ನಡಕ್ಕೆ ತರುವವರು ಇಲ್ಲಿ ‘ಬೇಡ’ ಎಂದು ಬರೆದರೆ, ಅವಳಿಂದ ಕಸಿದುಕೊಂಡದ್ದೇನು ಎಂಬುದು ಕಾಣುವುದಿಲ್ಲ.

ಇದನ್ನು ನಾನು ಕಲಿತದ್ದು ಮನೆಯಲ್ಲಿ. ರಾಯಬಾಗದಿಂದ ಅಕ್ಕನನ್ನು ನೋಡಲು ಬಂದಿದ್ದರು. ಅಡುಗೆಮನೆಯಲ್ಲಿ ಅವಳು ‘ನಾ ಒಲ್ಲೆ’ ಅಂದಳು. ಹೊರಗೆ ಹಿರಿಯರು, ‘ಹುಡುಗಿ ನಾಚತಾಳ್ರಿ’ ಎಂದು ನಕ್ಕರು. ಅಕ್ಕ ಪಡಸಾಲೆಗೆ ಬಂದು ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಬಂದವರು ಚಹಾ ಮುಗಿಸಿ ಎದ್ದರು.