ಕೇಳುವವರ ಕಿವಿ

ಚಂದಾ ಕೇಳಲು ಬಂದವರನ್ನು ಗಮನಿಸುವುದು ನನ್ನ ಹಳೆಯ ಚಟ. ಕಛೇರಿಯಲ್ಲಿ ಕೂತ ರಸಿಕ ಷಡ್ಜಕ್ಕೆ ಕಾಯುವ ಹಾಗೆ ನಾನು ಇವರ ಮೊದಲ ಮಾತಿಗೆ ಕಾಯುತ್ತೇನೆ. ಗಣೇಶನ ಹುಡುಗರ ಲೆಕ್ಕ ಬೇರೆ. ಅವರದು ಕೇಳುವುದಲ್ಲ, ವಸೂಲಿ. ನಾನು ಹೇಳುತ್ತಿರುವುದು ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬ್ ಹಿಡಿದು ಮೆಟ್ರೊ ಮೆಟ್ಟಿಲ ಬುಡದಲ್ಲಿ ನಿಲ್ಲುವ ಹುಡುಗ ಹುಡುಗಿಯರ ಬಗ್ಗೆ.

ಹೋದ ತಿಂಗಳು ಅಂಥ ಒಬ್ಬ ಅಡ್ಡ ಬಂದ. ‘ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಅಲ್ಲಿಗೇ ಹೊರಟಿದ್ದೀನಪ್ಪ’ ಅಂದೆ. ‘ಎರಡೇ ನಿಮಿಷ ಸರ್, ಸ್ವಲ್ಪ ನಗಿ’ ಅಂದ. ಸಿಟ್ಟು ಬಂತು, ಮೆಟ್ಟಿಲು ಹತ್ತುವಷ್ಟರಲ್ಲಿ ಇಳಿಯಿತು. ಅವನ ಕಿವಿಗೆ ಬಿದ್ದದ್ದು ಅಮ್ಮನೂ ಅಲ್ಲ, ಆಸ್ಪತ್ರೆಯೂ ಅಲ್ಲ, ಆ ದಿನದ ಎಷ್ಟನೆಯದೋ ‘ಇಲ್ಲ’. ಯಾರೋ ಬಾಯಿಪಾಠ ಮಾಡಿಸಿದ್ದನ್ನು ಪಾಪ, ಒಪ್ಪಿಸಿದ.

ಕನ್ನಡದಲ್ಲಿ ಬೇಡುವುದಕ್ಕೂ ಆಲಿಸುವುದಕ್ಕೂ ಒಂದೇ ಮಾತು: ಕೇಳು. ತರಬೇತಿಯಲ್ಲಿ ಮೊದಲನೆಯ ಅರ್ಥವೊಂದನ್ನೇ ಕಲಿಸಿರುತ್ತಾರೆ. 1990ರಲ್ಲಿ ಸಾಲೊವೆ ಮತ್ತು ಮೇಯರ್ ವಿವರಿಸಿದ, 1995ರ ಗೋಲ್‌ಮನ್ ಪುಸ್ತಕದಿಂದ ಊರೆಲ್ಲ ಹಬ್ಬಿದ ‘ಭಾವನಾತ್ಮಕ ಬುದ್ಧಿಮತ್ತೆ’ ಈಗ ಸಮೋಸ, ಚಹಾ ಸಮೇತ ಒಂದು ದಿನದ ಕಾರ್ಯಾಗಾರ. ತನ್ನ ಮನಸ್ಸನ್ನೂ ಎದುರಿನವರ ಮನಸ್ಸನ್ನೂ ಗುರುತಿಸುವುದು ಅದರ ಮೊದಲ ಪಾಠ. ಅದು ಸಂಜೆಯೊಳಗೆ ಮುಗಿಯುವ ಪಾಠವಲ್ಲ.

ಕರಾವಳಿಯವರಿಗೆ ಇದು ಹೊಸದೂ ಅಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುಮಾಡಿತು. ಅದು ದಾನವಲ್ಲ, ಉಳಿತಾಯ, ನಿಜ. ಆದರೆ ದಿನಾ ಅದೇ ಬಾಗಿಲು ಬಡಿಯುವವನು ಇವತ್ತು ಒರಟಾಗಿ ಕೇಳಿದರೆ ನಾಳೆ ಬಾಗಿಲು ತೆರೆಯದು. ಯಾವ ಅಂಗಡಿಯಲ್ಲಿ ವ್ಯಾಪಾರ ಬಿದ್ದಿದೆ, ಯಾವ ಮನೆಯಲ್ಲಿ ಸೂತಕ ಎಂಬುದು ಒಳ್ಳೆಯ ಪಿಗ್ಮಿ ಕಲೆಕ್ಟರಿಗೆ ಗೊತ್ತಿರಲೇಬೇಕು. ಮೆಟ್ರೊ ಬುಡದ ಹುಡುಗನಿಗೆ ಆ ‘ನಾಳೆ’ಯೇ ಇಲ್ಲ, ಇರುವುದು ಇವತ್ತಿನ ಟಾರ್ಗೆಟ್.

ಕೇಳಲು ನಾಚದವರೆಂದರೆ ಗಾಂಧೀಜಿ. 1934ರಲ್ಲಿ ಹರಿಜನ ನಿಧಿಗಾಗಿ ಕರ್ನಾಟಕಕ್ಕೂ ಬಂದಿದ್ದರು. ಸಹಿ ಬೇಕೆಂದವರಿಂದ ಐದು ರೂಪಾಯಿ ಪಡೆಯುತ್ತಿದ್ದರು, ಬಂದ ಕಾಣಿಕೆಗಳನ್ನು ಸಭೆಯಲ್ಲೇ ಹರಾಜು ಹಾಕುತ್ತಿದ್ದರು. ಅದರಲ್ಲಿ ತುಂಟತನವಿತ್ತು, ದೈನ್ಯವಿರಲಿಲ್ಲ. ಅಳುವ ಮಗುವಿನ ಫೋಟೊ ಮುಖಕ್ಕೆ ಹಿಡಿಯುವವರಿಗೆ ನಾನು ಒಮ್ಮೆ ಕೊಟ್ಟಿದ್ದೇನೆ, ಎರಡನೇ ಸಲ ಕೊಟ್ಟಿಲ್ಲ.

ಇನ್ನೊಂದು ಚಿಕ್ಕ ವಿಷಯ. ‘80ಜಿ ಇದೆ ಸರ್, ಟ್ಯಾಕ್ಸ್ ಉಳಿಯುತ್ತೆ’ ಎಂಬ ಮಂತ್ರ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ರಿಯಾಯಿತಿ ಸಿಗುವುದಿಲ್ಲ. ಹಳೆಯದರಲ್ಲೂ ಎರಡು ಸಾವಿರ ದಾಟಿದ ನಗದಿಗೆ ಇಲ್ಲ. ಯಾವ ಪದ್ಧತಿ ಎಂದು ಮೊದಲು ವಿಚಾರಿಸಿದವರು ನನಗೆ ಈವರೆಗೆ ಒಬ್ಬರೇ ಸಿಕ್ಕಿದ್ದಾರೆ. ಅವರಿಗೆ ಪ್ರತಿ ವರ್ಷ ಕೊಡುತ್ತೇನೆ.

ಹುಡುಗರನ್ನಷ್ಟೇ ಬೈದರೆ ಅನ್ಯಾಯ. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಎರಡು ಕಸುಬಿನವರನ್ನು ಎದುರುಬದುರು ಇಟ್ಟು ನೋಡಿದರು: ಸಂಬಳಕ್ಕಾಗಿ ನಗಬೇಕಾದ ಗಗನಸಖಿಯರು, ಸಂಬಳಕ್ಕಾಗಿ ಗದರಬೇಕಾದ ಬಾಕಿ ವಸೂಲಿಗಾರರು. ನಮ್ಮ ಚಂದಾ ಹುಡುಗರಿಗೆ ಎರಡೂ ಪಾಲು. ಬಿಸಿಲಲ್ಲಿ ನಗಬೇಕು, ಬಿಡದೆ ಬೆನ್ನುಹತ್ತಲೂ ಬೇಕು. ಸಾಲದ್ದಕ್ಕೆ, ಭಿಕ್ಷುಕರಿಗೆ ಹೇಳುವ ‘ಮುಂದೆ ಹೋಗಪ್ಪ’ವನ್ನು ದಿನವಿಡೀ ಕೇಳಿಸಿಕೊಳ್ಳಬೇಕು. ಅಷ್ಟು ಕೇಳಿಸಿಕೊಂಡ ಕಿವಿ ಮುಚ್ಚಿಕೊಳ್ಳದೆ ಏನು ಮಾಡೀತು?

ಸಂಸ್ಥೆ ನಡೆಸುವವರಲ್ಲಿ ಒಂದು ಕೋರಿಕೆ. ಸಂಜೆ ಲೆಕ್ಕ ಒಪ್ಪಿಸಿಕೊಳ್ಳುವಾಗ ‘ಎಷ್ಟು ಬಂತು’ ಅಂದಮೇಲೆ ‘ಇವತ್ತು ಯಾರು ಏನಂದರು’ ಎಂದೂ ಕೇಳಿ, ಹತ್ತು ನಿಮಿಷ ಕೂತು ಕೇಳಿ. ಓದುಗರೇ, ಕೊಡಲು ಮನಸ್ಸಿಲ್ಲದಿದ್ದರೆ ಬೇಡ. ಅವರ ಮುಖ ನೋಡಿ ‘ಇಲ್ಲಮ್ಮ’ ಅನ್ನಿ.